ಕೆರೆ ಕ್ಲೀನ್ ಆಯಿತು, ನಾಟಿ ಮೀನು ಎಲ್ಲಿಂದ ತರೋಣ?

ಏರಿಮೇಲಿನವ
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಉತ್ತರದ ಅಂಚಿನ ಒಂದು ಹಳ್ಳಿ. ಹಳ್ಳಿ ಅನ್ನುವುದಕ್ಕೆ ಈಗ ಉಳಿದಿರುವುದು ಅರಳಿಕಟ್ಟೆ ಮತ್ತು ಕೆರೆ ಮಾತ್ರ. ಮೂರು ವರ್ಷದ ಹಿಂದೆ ಕೆರೆಯ ಹೂಳು ತೆಗೆದರು, ಸುತ್ತ ಕಲ್ಲು ಕಟ್ಟಿದರು, ವಾಕಿಂಗ್ ದಾರಿ ಮಾಡಿದರು. ಮೇಲಿನ ಬಡಾವಣೆಯ ಕೊಳಚೆಯನ್ನು ಪೈಪಿನಲ್ಲಿ ಆಚೆ ತಿರುಗಿಸಿದರು. ನೀರು ನಿಜಕ್ಕೂ ತಿಳಿಯಾಗಿದೆ. ಮೊದಲಿನ ಹಾಗೆ ಮೂಗು ಮುಚ್ಚಿಕೊಂಡು ಏರಿ ದಾಟಬೇಕಿಲ್ಲ.

ಕಳೆದ ಬುಧವಾರ ರಾತ್ರಿ ಜೋರು ಮಳೆ ಬಂತು. ಗುರುವಾರ ಬೆಳಗ್ಗೆ ಆರಕ್ಕೆ ಹೋಗಿ ನೋಡಿದರೆ ತೂಬಿನ ಹತ್ತಿರ ಮೀನುಗಳು ಬೆಳ್ಳಗೆ ತೇಲುತ್ತಿದ್ದವು. ಎಲ್ಲ ಕಾಟ್ಲಾ, ರೋಹು. ನನ್ನ ಮುಖ ನೋಡಿ ತಾತ ಹೇಳಿದರು: "ಇವು ಸತ್ತಿದ್ದಕ್ಕೆ ಅಳ್ತೀಯಲ್ಲೋ, ಗೆಂಡೆ, ಪಕ್ಕೆ, ಕೊರವ ಹೋಗಿ ಇಪ್ಪತ್ತು ವರ್ಷ ಆಯ್ತು, ಆಗ ಯಾರು ಅತ್ತರು?" ತಾತ ಈ ಕೆರೆಗೆ ನೀರುಗಂಟಿಯಾಗಿದ್ದವರು. ನಾನು ಸುಮ್ಮನಾದೆ.

ಈ ಭಾನುವಾರ ಕೆರೆ ಸಮಿತಿಯ ಮೀಟಿಂಗ್ ಇದೆ. ದಾನಿಯೊಬ್ಬರು ಹತ್ತು ಸಾವಿರ ರೋಹು ಮರಿ ಬಿಡಿಸುತ್ತೇನೆ ಎಂದಿದ್ದಾರೆ. ನಾನು ನಾಟಿ ಮೀನೇ ಬಿಡೋಣ ಅನ್ನುತ್ತಿದ್ದೇನೆ. ಎಲ್ಲಿ ಸಿಗುತ್ತವೆ? ಬಿಟ್ಟರೆ ಉಳಿಯುತ್ತವಾ? ತಿಳಿದವರು ಹೇಳಿ.

ಮುದ್ದೆಪ್ರಿಯ
ರೋಹು ನಾಟಿ ಮೀನೇ ಅಲ್ವಾ ಗುರು? ನಾನು ಹುಟ್ಟಿದಾಗಿನಿಂದ ತಿನ್ನುತ್ತಿದ್ದೇನೆ.

ಬೀಸುಬಲೆ
ಅಲ್ಲ ಸ್ವಾಮಿ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯವು. ನಮ್ಮ ಕೆರೆಗಳಿಗೆ ತಂದು ಬಿಟ್ಟದ್ದು. 'ಸಾಮಾನ್ಯ ಗೆಂಡೆ' ಅಂತ ಮಾರುತ್ತಾರಲ್ಲ, ಅದು ಇನ್ನೂ ದೂರದ್ದು, ಹೊರದೇಶದ್ದು. ಹೆಸರಲ್ಲಿ ಗೆಂಡೆ ಇದೆ ಅಂತ ನಮ್ಮದಾಗುವುದಿಲ್ಲ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂತು.

ನಮ್ಮಪ್ಪ ಮೂವತ್ತು ವರ್ಷ ಬಲೆ ಬೀಸಿದವರು. ಅವರ ಕಾಲದಲ್ಲಿ ಒಂದು ಬೀಸಿಗೆ ಏಳೆಂಟು ಜಾತಿ ಬರುತ್ತಿದ್ದವು. ಪಕ್ಕೆ, ಗೆಂಡೆ, ಕೊರವ, ಚೇಳು ಮೀನು, ಹಾವು ಮೀನು, ದೊಡ್ಡ ಕೆರೆಯಾದರೆ ಬಾಳೆ ಮೀನು. ಈಗ ಬೀಸಿದರೆ ಜಿಲೇಬಿ, ಜಿಲೇಬಿ, ಒಂದು ಚಪ್ಪಲಿ, ಮತ್ತೆ ಜಿಲೇಬಿ.

ನೀರು_ಲೆಕ್ಕ
ನಾನು ಕೊಳಚೆ ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡಿದವನು. ಮೊದಲು ಗುರುವಾರ ಬೆಳಗ್ಗೆ ಏನಾಯಿತು ಅನ್ನುವುದನ್ನು ನೋಡೋಣ. ಅದು ತಿಳಿಯದೆ ಯಾವ ಮೀನು ಬಿಟ್ಟರೂ ದುಡ್ಡು ನೀರಿಗೆ ಹಾಕಿದಂತೆ, ಅಕ್ಷರಶಃ.

ಮೀನಿಗೆ ನೀರಲ್ಲಿ ಕರಗಿದ ಆಮ್ಲಜನಕ ಬೇಕು. ಮೀನು ಬದುಕುವ ನೀರಿನಲ್ಲಿ ಅದು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಹಗಲು ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಳಗಿನ ಜಾವ ಆಮ್ಲಜನಕ ತಳ ಮುಟ್ಟಿರುತ್ತದೆ. ಅಂಥ ಹೊತ್ತಲ್ಲಿ ಮಳೆ ಬಂದು ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೊಳೆಯನ್ನೆಲ್ಲ ಒಂದೇ ಸಲ ತಂದು ಸುರಿದರೆ, ತಳದ ಕೆಸರೂ ಕದಡಿದರೆ, ಮೀನು ಉಸಿರುಗಟ್ಟಿ ಸಾಯುತ್ತದೆ. ನಿಮ್ಮ ಪೈಪು ಬೇಸಿಗೆಯ ಕೊಳಚೆಯನ್ನು ತಿರುಗಿಸುತ್ತದೆ. ಮಳೆ ದಿನ ಅದು ತುಂಬಿ ಉಕ್ಕಿ ನೇರ ಕೆರೆಗೇ ಬರುತ್ತದೆ.

2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದ್ದು ನೆನಪಿದೆಯಾ? ಆಗಲೂ ಜನ ಮೊದಲು "ಯಾರೋ ವಿಷ ಹಾಕಿದರು" ಎಂದೇ ಮಾತಾಡಿದ್ದರು. ವಿಷ ಬೇರೆ ಬೇಕಿಲ್ಲ, ನಮ್ಮ ಮನೆಯ ಚರಂಡಿಯೇ ಸಾಕು.

ವಾಕಿಂಗ್ ಅಂಕಲ್
ನಮ್ಮ ಕೆರೆಯಲ್ಲಿ ನೀರು ಕನ್ನಡಿಯ ಹಾಗಿದೆ. ಕಾರಂಜಿ ಹಾಕಿದ್ದೇವೆ. ಆಮ್ಲಜನಕದ ಸಮಸ್ಯೆ ಇಲ್ಲ.

ನೀರು_ಲೆಕ್ಕ
ಕಾರಂಜಿಯನ್ನು ಯಾವಾಗ ಹಾಕುತ್ತೀರಿ ಸರ್?

ವಾಕಿಂಗ್ ಅಂಕಲ್
ಸಂಜೆ 6ರಿಂದ 8. ಲೈಟಿನ ಜೊತೆ.

ನೀರು_ಲೆಕ್ಕ
ಮೀನಿಗೆ ಬೇಕಿರುವುದು ರಾತ್ರಿ 2ರಿಂದ ಬೆಳಗ್ಗೆ 6. ಅದು ಲೈಟು ಕೇಳುವುದಿಲ್ಲ.

ಸುಮ್ನೆ ಓದುವವ
ಹಹ್ಹಹ್ಹ. ಈ ಉತ್ತರಕ್ಕೆ ಒಂದು ಶಿಳ್ಳೆ.

ವರ್ತೂರು ಕೋಡಿ
ನಾನು ವರ್ತೂರಿನ ಕೋಡಿ ಹತ್ತಿರ ಹುಟ್ಟಿ ಬೆಳೆದವನು. ಬೆಳ್ಳಂದೂರು ಕೆರೆ ತುಂಬಿ ನಮ್ಮ ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿಯಿತು. 2018ರ ಜನವರಿಯಲ್ಲಿ ಮತ್ತೆ ಉರಿದಾಗ ಆರಿಸಲು ಸೈನಿಕರು ಬರಬೇಕಾಯಿತು. ಕೆರೆಗೆ ಬೆಂಕಿ ಬಿತ್ತು ಅಂದರೆ ನಮ್ಮಜ್ಜಿ ನಂಬಲೇ ಇಲ್ಲ. "ನೀರಿಗೆ ಬೆಂಕಿ ಹತ್ತುತ್ತೇನೋ ಮಗಾ" ಎಂದು ಮೂರು ಸಲ ಕೇಳಿದರು.

2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿಯನ್ನು ಇದಕ್ಕೆಂದೇ ತೆಗೆದಿಡಿ ಎಂದಿತು. ಹೂಳು ತೆಗೆಯುವ ಕೆಲಸ ಶುರುವಾಯಿತು. ಅದೆಲ್ಲ ಸರಿ. ಆದರೆ ಇಷ್ಟೂ ಮಾತುಕತೆಯಲ್ಲಿ ನೊರೆ, ಬೆಂಕಿ, ವಾಸನೆ, ಒತ್ತುವರಿ ಎಲ್ಲ ಬಂದವು. ಮೀನಿನ ಸುದ್ದಿ ಎತ್ತಿದವರನ್ನು ನಾನು ಕಂಡದ್ದು ಕಡಿಮೆ. ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್.

ಕೋಲಾರದ ಟೊಮೇಟೊ
ನಿಮ್ಮ ನೀರು ಈಗ ನಮ್ಮ ಕೆರೆಯಲ್ಲಿದೆ ಸ್ವಾಮಿ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರುತ್ತಿದೆ. ಶುರುವಿನಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ಗಲಾಟೆಯಾಗಿತ್ತು. ಒಂದು ಕಡೆ ಬತ್ತಿದ ಬೋರ್‌ವೆಲ್‌ಗೆ ನೀರು ಬಂತು, ಅದನ್ನು ಇಲ್ಲ ಅನ್ನುವುದಿಲ್ಲ. ಇನ್ನೊಂದು ಕಡೆ ಅಂತರಗಂಗೆ ಕಳೆ ಹಾಸಿಗೆ ಹಾಸಿದಂತೆ ಬೆಳೆಯುತ್ತದೆ.

ನೀರು_ಲೆಕ್ಕ
ಅದಕ್ಕೆ ಕಾರಣ ಇದೆ. ಎರಡನೆಯ ಹಂತದವರೆಗೆ ಶುದ್ಧ ಮಾಡಿದ ನೀರಲ್ಲಿ ಕೊಳೆಯುವ ವಸ್ತು ಕಡಿಮೆಯಾಗಿರುತ್ತದೆ, ಸಾರಜನಕ ರಂಜಕ ತುಂಬ ಉಳಿದಿರುತ್ತವೆ. ಅವು ಗೊಬ್ಬರವೇ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದನ್ನು ಚೆನ್ನಾಗಿ ಮಾಡಿದ್ದರು. ಘಟಕದ ನೀರು ನೇರ ಕೆರೆಗೆ ಹೋಗುವುದಿಲ್ಲ, ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿದು ಆಮೇಲೆ ಕೆರೆ ಸೇರುತ್ತದೆ. ಜೊಂಡು ಗೊಬ್ಬರವನ್ನು ಹೀರುತ್ತದೆ. ಆದರೆ ಜೊಂಡನ್ನು ಆಗಾಗ ಕೊಯ್ಯಬೇಕು. ಇಲ್ಲದಿದ್ದರೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಕೊಯ್ಯುವ ಖರ್ಚು ಯಾರದು ಅನ್ನುವಲ್ಲಿಗೆ ಎಲ್ಲ ಕೆರೆಗಳ ಕತೆ ನಿಲ್ಲುತ್ತದೆ.

ಅಕ್ವೇರಿಯಂ ಅಪ್ಪ
ನಾಟಿ ಮೀನು ಬೇಕಾ? ಅಂಗಡಿಯಲ್ಲಿ ಬಾರ್ಬ್ ಅನ್ನುವ ಮೀನು ಸಿಗುತ್ತವೆ. ನಮ್ಮ ಪಶ್ಚಿಮಘಟ್ಟದವೇ. ನಾನೇ ನೂರು ತಂದುಕೊಡುತ್ತೇನೆ, ಖರ್ಚು ನನ್ನದು.

ಮಲ್ನಾಡ್ ಹುಡುಗಿ
ದಯವಿಟ್ಟು ಬೇಡ ಸರ್. ನಿಮ್ಮ ಮನಸ್ಸು ಒಳ್ಳೆಯದು, ಅದಕ್ಕೇ ಭಯ.

ಕಾವೇರಿಯ ಮಹಶೀರ್ ಮೀನಿನ ಕತೆ ಹೇಳುತ್ತೇನೆ. ಕಾವೇರಿಗೇ ಸೇರಿದ ಒಂದು ಮಹಶೀರ್ ಇದೆ. ಗೂನು ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು ಸುಮಾರು 54 ಕೆಜಿ ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆ ಎಂದು ಆಮೇಲೆ ಲೋನಾವಳದ ಮರಿಕೇಂದ್ರದಿಂದ ಮರಿ ತಂದು ಕಾವೇರಿಗೆ ಬಿಟ್ಟರು. ಅದೂ ಮಹಶೀರೇ, ಆದರೆ ಬೇರೆ ಜಾತಿ, ನೀಲಿ ರೆಕ್ಕೆಯದು. ಅದು ಹೊಳೆ ತುಂಬಿಕೊಂಡಿತು. ಗೂನು ಬೆನ್ನಿನದು ಕಾಣದಾಯಿತು. ಗಾಳಕ್ಕೆ ಮಹಶೀರ್ ಬೀಳುತ್ತಲೇ ಇದ್ದುದರಿಂದ ಎಲ್ಲರೂ ಖುಷಿಯಾಗಿದ್ದರು! 2018ರಲ್ಲಿ ವಿಜ್ಞಾನಿಗಳು ಅದರ ಸರಿಯಾದ ವೈಜ್ಞಾನಿಕ ಹೆಸರನ್ನು ಗೊತ್ತು ಮಾಡುವ ಹೊತ್ತಿಗೆ ಅದು ಅಳಿವಿನ ತುದಿಗೆ ಬಂದಿತ್ತು. ಕೊಂದದ್ದು ಬಲೆ ಮಾತ್ರ ಅಲ್ಲ, ಉಳಿಸಲು ಹೋದ ಕೈ ಕೂಡ.

ಪಶ್ಚಿಮಘಟ್ಟದ ಮೀನು ನಿಮ್ಮ ಕೆರೆಗೆ ನಾಟಿ ಅಲ್ಲ. ಘಟ್ಟದ ಪಶ್ಚಿಮಕ್ಕೆ ಹರಿಯುವ ಹೊಳೆಯ ಮೀನು ಬೇರೆ, ನಿಮ್ಮ ಅರ್ಕಾವತಿ, ಪಿನಾಕಿನಿ ಕಡೆಯ ಮೀನು ಬೇರೆ. ಅಂಗಡಿ ಮೀನಿನ ಜೊತೆ ರೋಗವೂ ಬರಬಹುದು.

ಅಕ್ವೇರಿಯಂ ಅಪ್ಪ
ಇದು ನನಗೆ ಗೊತ್ತಿರಲಿಲ್ಲ. ಮಾತು ವಾಪಸ್ ತೆಗೆದುಕೊಂಡೆ. ಆದರೆ ಸೊಳ್ಳೆಗೆ ಗ್ಯಾಂಬೂಸಿಯಾ ಬಿಡಬಹುದಲ್ವಾ? ಸರಕಾರವೇ ಕೊಡುತ್ತದೆ.

ಮಲ್ನಾಡ್ ಹುಡುಗಿ
ಅದೂ ಹೊರಗಿನದೇ. 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದದ್ದು. ಮೂಲ ಅಮೆರಿಕ. ಸೊಳ್ಳೆಮರಿ ತಿನ್ನುತ್ತದೆ ನಿಜ, ಜೊತೆಗೆ ಬೇರೆ ಮೀನಿನ ಮೊಟ್ಟೆ, ಮರಿ, ಗೊದಮೊಟ್ಟೆ ಎಲ್ಲವನ್ನೂ ಮುಕ್ಕುತ್ತದೆ. ಮೊಟ್ಟೆಯಿಡದೆ ಮರಿಯನ್ನೇ ಹಾಕುವುದರಿಂದ ಬೇಗ ತುಂಬಿಕೊಳ್ಳುತ್ತದೆ. ನಮ್ಮಲ್ಲೇ ಸೊಳ್ಳೆಮರಿ ತಿನ್ನುವ ಮೀನಿದೆ. ನೀರಿನ ಮೇಲ್ಮೈಯಲ್ಲೇ ಓಡಾಡುತ್ತದೆ, ನೆತ್ತಿಯ ಮೇಲೆ ಬೆಳ್ಳಗೆ ಹೊಳೆಯುವ ಚುಕ್ಕೆ ಇರುತ್ತದೆ. ಬಾವಿಗಳಲ್ಲಿ ನೋಡಿರುತ್ತೀರಿ.

ಬೀಸುಬಲೆ
ಚುಕ್ಕೆ ಮೀನು ನಮ್ಮ ಬಾವಿಯಲ್ಲಿ ಇತ್ತು! ಈಗ ಬಾವಿಯೇ ಇಲ್ಲ, ಅಲ್ಲೊಂದು ಪಿಜಿ ಇದೆ.

ಮುದ್ದೆಪ್ರಿಯ
ಎಲ್ಲ ಮೀನೂ ಹೊರಗಿನದು ಅಂದರೆ ನಾವು ತಿನ್ನುವುದು ಏನು? ಹುಣಸೆಹುಳಿ ಹಾಕಿ, ಕೊತ್ತಂಬರಿ ಬೀಜ ಹುರಿದು ರುಬ್ಬಿ, ಮಣ್ಣಿನ ಮಡಕೆಯಲ್ಲಿ ಮಾಡಿದ ಕೆರೆ ಮೀನಿನ ಸಾರು, ಮಾರನೇ ದಿನ ಬಿಸಿ ಮುದ್ದೆ ಜೊತೆ... ರೋಹುವಾದರೂ ಸರಿ ನನಗೆ.

ಬೀಸುಬಲೆ
ಸಾರಿಗೆ ಕೊರವ ಮುಂದೆ ಯಾವುದೂ ಇಲ್ಲ. ಮುಳ್ಳು ಕಡಿಮೆ, ಮಾಂಸ ಗಟ್ಟಿ. ಮಾರುಕಟ್ಟೆಯಲ್ಲಿ ಜೀವಂತ ಮಾರುತ್ತಾರೆ, ಏಕೆಂದರೆ ಅದು ಗಾಳಿಯನ್ನೇ ಉಸಿರಾಡುತ್ತದೆ, ಒದ್ದೆ ಗೋಣಿಯಲ್ಲಿಟ್ಟರೂ ಗಂಟೆಗಟ್ಟಲೆ ಬದುಕಿರುತ್ತದೆ. ಹಾಗಾಗಿ ಆಮ್ಲಜನಕ ಇಲ್ಲ ಅಂತ ಕೊರವ ಹೋಗಲಿಲ್ಲ. ಅದು ಹೋದದ್ದು ಬೇರೆ ಕಾರಣಕ್ಕೆ. ಕೊರವನ ಮರಿಗಳು ಕೆಂಪಗೆ ಒಂದು ಚೆಂಡಿನ ಹಾಗೆ ಗುಂಪಾಗಿ ಈಜುತ್ತವೆ. ಅಪ್ಪ ಅಮ್ಮ ಎರಡೂ ಕೆಳಗೇ ಕಾವಲು ಇರುತ್ತವೆ. ಆ ಗುಂಪು ಕಂಡ ಕಡೆ ಗಾಳ ಹಾಕಿದರೆ ದೊಡ್ಡ ಮೀನು ಗ್ಯಾರಂಟಿ. ನಾನೂ ಹಾಗೆ ಹಿಡಿದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಬೈಯುತ್ತಿದ್ದರು. ಕಾವಲು ಹೋದ ಮೇಲೆ ಮರಿಗಳನ್ನು ಬೇರೆ ಮೀನು ಒಂದೇ ದಿನದಲ್ಲಿ ಮುಗಿಸುತ್ತವೆ.

ಇನ್ನೊಂದು ಕಾರಣ ಆಫ್ರಿಕನ್ ಕ್ಯಾಟ್‌ಫಿಶ್. 2000ದಿಂದ ಸಾಕುವಂತಿಲ್ಲ ಎಂದು ನಿಷೇಧ ಇದೆ, ಆದರೂ ಕದ್ದು ಸಾಕುತ್ತಾರೆ, ಮಳೆಗೆ ಹೊಂಡ ಒಡೆದರೆ ಕೆರೆ ಸೇರುತ್ತದೆ. ಕೆಟ್ಟ ನೀರಲ್ಲೂ ಬದುಕುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ.

ಸುಮ್ನೆ ಓದುವವ
ಜಿಲೇಬಿಯ ಬಗ್ಗೆ ಒಂದು ತಮಾಷೆ. ನಮ್ಮ ಕೆರೆಗಳನ್ನು ಆಕ್ರಮಿಸಿದ ಆ ಮೊಜಾಂಬಿಕ್ ತಿಲಾಪಿಯಾ ತನ್ನ ತವರಿನಲ್ಲಿ ಅಪಾಯದ ಪಟ್ಟಿಯಲ್ಲಿದೆ. ಅಲ್ಲಿಗೆ ನೈಲ್ ತಿಲಾಪಿಯಾ ತಂದು ಬಿಟ್ಟರಂತೆ, ಎರಡೂ ಬೆರೆತು ಮೂಲದ ತಳಿ ಹೋಗುತ್ತಿದೆ. ಎಲ್ಲರ ಮನೆ ದೋಸೆಯೂ ತೂತೇ.

ಓತ್ಸು ಕನ್ನಡಿಗ
ನಾನು ಜಪಾನಿನ ಬಿವಾ ಸರೋವರದ ದಂಡೆಯ ಊರಲ್ಲಿ ಎಂಟು ವರ್ಷದಿಂದ ಇದ್ದೇನೆ. ಇಲ್ಲಿಯ ಕತೆ ನಿಮಗೆ ಉಪಯೋಗವಾಗಬಹುದು. ಬಿವಾ ಸುಮಾರು 670 ಚದರ ಕಿಲೋಮೀಟರ್, ನಿಮ್ಮ ಕೆರೆಯ ಜೊತೆ ಹೋಲಿಸುವಂತಿಲ್ಲ, ಆದರೂ ಕೇಳಿ.

1977ರಲ್ಲಿ ಪಾಚಿಯಿಂದ ನೀರು ಕೆಂಪಾಯಿತು. ಮಾರ್ಜಕದ ಪುಡಿಯ ರಂಜಕ ಒಂದು ಕಾರಣ ಎಂದು ತಿಳಿದಾಗ ಗೃಹಿಣಿಯರು ಪುಡಿ ಬಿಟ್ಟು ಸೋಪಿಗೆ ಹೋಗುವ ಚಳವಳಿ ಮಾಡಿದರು. 1979ರಲ್ಲಿ ಇಲ್ಲಿಯ ಸರಕಾರ ರಂಜಕವಿರುವ ಮಾರ್ಜಕದ ಮೇಲೆ ನಿಷೇಧದ ಕಾನೂನೇ ತಂದಿತು. ನೀರು ಸುಧಾರಿಸಿತು. ಆದರೆ ಇಲ್ಲಿಗೇ ಸೇರಿದ ನಿಗೊರೊಬುನ ಎಂಬ ಮೀನು ಹೆಚ್ಚಲಿಲ್ಲ. ಅದನ್ನು ಅನ್ನದ ಜೊತೆ ಹುಳಿಬರಿಸಿ ಉಪ್ಪಿನಕಾಯಿಯಂತೆ ಇಡುತ್ತಾರೆ, ಇಲ್ಲಿಯ ಹೆಮ್ಮೆಯ ತಿಂಡಿ. (ವಾಸನೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ.)

ಯಾಕೆ ಹೆಚ್ಚಲಿಲ್ಲ? ಅದು ಮೊಟ್ಟೆ ಇಡುವುದು ದಂಡೆಯ ಜೊಂಡಿನಲ್ಲಿ ಮತ್ತು ಭತ್ತದ ಗದ್ದೆಯಲ್ಲಿ. ದಂಡೆಗೆ ಕಾಂಕ್ರೀಟು ಹಾಕಿದ್ದರು, ಗದ್ದೆಯ ಕಾಲುವೆಯನ್ನು ಆಳ ಮಾಡಿದ್ದರು, ಮೀನು ಹತ್ತುವಂತಿರಲಿಲ್ಲ. ಜೊತೆಗೆ ಅಮೆರಿಕದಿಂದ ಬಂದ ಬಾಸ್ ಮತ್ತು ಬ್ಲೂಗಿಲ್ ಮೀನುಗಳು ಅದರ ಮರಿಗಳನ್ನು ತಿನ್ನುತ್ತಿದ್ದವು. ಈಗ ಕೆಲವು ರೈತರು ಕಾಲುವೆಯಲ್ಲಿ ಹಲಗೆ ಇಟ್ಟು ಮೆಟ್ಟಿಲು ಮಾಡಿ, ಮೀನು ಗದ್ದೆಗೆ ಹತ್ತಿ ಬರುವಂತೆ ಮಾಡುತ್ತಾರೆ. ಆ ಗದ್ದೆಯ ಅಕ್ಕಿಯನ್ನು ಬೇರೆ ಹೆಸರಲ್ಲಿ ಮಾರುತ್ತಾರೆ. ಬಾಸ್ ಸಿಕ್ಕರೆ ನೀರಿಗೆ ವಾಪಸ್ ಬಿಡುವಂತಿಲ್ಲ ಎಂದು 2003ರಿಂದ ನಿಯಮ ಇದೆ.

ಮಲ್ನಾಡ್ ಹುಡುಗಿ
ಇದು ನಮ್ಮ ಹತ್ತುಮೀನೇ! ಮುಂಗಾರಿನ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ, ಹೊಟ್ಟೆ ತುಂಬ ಮೊಟ್ಟೆ. ನಮ್ಮೂರಲ್ಲಿ ಆ ರಾತ್ರಿ ಎಲ್ಲರೂ ಟಾರ್ಚು, ಕತ್ತಿ, ಕೂಳಿ ಹಿಡಿದು ಹೊರಡುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಹೋಗಿ ಸಂಭ್ರಮಪಟ್ಟಿದ್ದೇನೆ. ಮೊಟ್ಟೆ ಇಡಲು ಹೊರಟ ತಾಯಿಯನ್ನು ಕಡಿಯುತ್ತಿದ್ದೆವು ಅನ್ನುವುದು ಆಮೇಲೆ ಹೊಳೆಯಿತು.

ಏರಿಮೇಲಿನವ
ಓತ್ಸು ಕನ್ನಡಿಗರ ಮಾತು ಓದಿ ತಾತನಿಗೆ ಹೇಳಿದೆ. ತಾತ ಒಂದು ನಿಮಿಷ ಸುಮ್ಮನಿದ್ದು, "ನಮ್ಮ ಕೆರೆ ಅಂಗಳ ಈಗ ಎಲ್ಲಿದೆ?" ಎಂದು ಕೇಳಿದರು.

ಮೊದಲು ಕೆರೆ ಇಳಿಜಾರಾಗಿತ್ತು. ಏರಿಯ ಕಡೆ ಆಳ, ಹಿಂಭಾಗದಲ್ಲಿ ಮೊಣಕಾಲುದ್ದ ನೀರು, ಹುಲ್ಲು, ಜೊಂಡು, ಅದರಾಚೆ ಗದ್ದೆ. ಮಳೆ ಬಂದಾಗ ಮೀನು ಆ ಹುಲ್ಲಿಗೆ ಹೋಗಿ ಮೊಟ್ಟೆ ಇಡುತ್ತಿದ್ದವಂತೆ. ಈಗ ಸುತ್ತ ಒಂದೇ ಆಳ, ಬಾಣಲೆಯ ಹಾಗೆ. ದಡಕ್ಕೆಲ್ಲ ಕಲ್ಲು. ಕಾಲುವೆ ಕೆರೆ ಸೇರುವ ಕಡೆ ಆಳೆತ್ತರದ ಕಾಂಕ್ರೀಟ್ ಗೋಡೆ. ಅದನ್ನೇ ನಾವು ಅಭಿವೃದ್ಧಿ ಎಂದು ಫೋಟೋ ತೆಗೆದು ಹಾಕಿದ್ದೆವು. ನಾನೂ ಹಾಕಿದ್ದೆ.

ವಾಕಿಂಗ್ ಅಂಕಲ್
ಕಲ್ಲು ಕಟ್ಟದಿದ್ದರೆ ಒತ್ತುವರಿ ಆಗುತ್ತದೆ. ಮೊದಲು ಇದ್ದ ಜಾಗ ಎಷ್ಟು, ಈಗ ಎಷ್ಟು ನೋಡಿ. ಗಡಿ ಗಟ್ಟಿ ಮಾಡಿದ್ದರಿಂದಲೇ ಕೆರೆ ಉಳಿದಿದೆ. ಜೊಂಡು ಬಿಟ್ಟರೆ ಹಾವು ಬರುತ್ತದೆ, ಮಕ್ಕಳು ಓಡಾಡುವ ಜಾಗ.

ವರ್ತೂರು ಕೋಡಿ
ಅಂಕಲ್ ಮಾತಲ್ಲಿ ಅರ್ಧ ಸತ್ಯ ಇದೆ. ಬೇಲಿ ಇಲ್ಲದ ಕೆರೆಯಂಗಳ ನಮ್ಮ ಕಡೆ ಸೈಟು ಆಗಿ ಹೋಗಿದೆ. ಆದರೆ ಬೇಲಿಯನ್ನು ಗಡಿಯಲ್ಲಿ ಹಾಕಿ, ಒಳಗೆ ದಡವನ್ನು ಇಳಿಜಾರು ಬಿಡಬಹುದಲ್ವಾ? ದಾರಿಯನ್ನು ಕೆರೆಯ ಒಂದು ಬದಿಗೆ ಮಾತ್ರ ಇಟ್ಟರೆ ಸಾಲದಾ? ಪೂರ್ತಿ ಸುತ್ತು ಹಾಕಲೇಬೇಕಾ?

ವಾಕಿಂಗ್ ಅಂಕಲ್
ಸುತ್ತು ಹಾಕದೆ ಹತ್ತು ಸಾವಿರ ಹೆಜ್ಜೆ ಹೇಗೆ ಆಗುತ್ತದೆ ಸ್ವಾಮಿ.

ಸುಮ್ನೆ ಓದುವವ
ಹೋಗಿ ವಾಪಸ್ ಬನ್ನಿ ಅಂಕಲ್. ಹೆಜ್ಜೆ ಅಷ್ಟೇ ಆಗುತ್ತವೆ.

ಬೀಸುಬಲೆ
ಒಂದು ಮಾತು ಯಾರೂ ಎತ್ತಲಿಲ್ಲ. ಕೆರೆ ಅಭಿವೃದ್ಧಿ ಆದ ಕೂಡಲೇ ಮೊದಲು ಹೊರಗೆ ಹಾಕುವುದು ನಮ್ಮನ್ನು. ಗಾಳ ಹಾಕುವವನು ಕಳ್ಳ, ತೆಪ್ಪ ಇಟ್ಟವನು ಕೊಳಕ. ಟೆಂಡರ್ ಹಿಡಿದವನು ಬೇರೆ ಊರಿನವನು. ಅವನು ಬೇಗ ಬೆಳೆಯುವ ಮರಿ ತಂದು ಬಿಡುತ್ತಾನೆ, ತೂಕ ಬಂದ ಮೇಲೆ ಎಳೆಬಲೆ ಹಾಕಿ ಎಲ್ಲ ಬಾಚುತ್ತಾನೆ. ಪಕ್ಕೆಗೆ ಕೆಜಿಗೆ ರೇಟಿಲ್ಲ, ಅದು ಅವನಿಗೆ ಕಸ. ನಮ್ಮಪ್ಪನಿಗೆ ಯಾವ ಮೂಲೆಯಲ್ಲಿ ಯಾವ ಮೀನು ಮೊಟ್ಟೆ ಇಡುತ್ತದೆ ಎಂದು ಗೊತ್ತಿತ್ತು. ಕೇಳಿದವರು ಯಾರು?

ಏರಿಮೇಲಿನವ
ಅಣ್ಣ, ನೀವು ಹೇಳಿದ್ದು ನಮ್ಮ ಕೆರೆಯಲ್ಲೂ ಹಾಗೇ ಆಗಿದೆ. ಸಮಿತಿಯಲ್ಲಿ ಹದಿನಾಲ್ಕು ಜನ ಇದ್ದೇವೆ, ಮೀನು ಹಿಡಿಯುವವರು ಒಬ್ಬರೂ ಇಲ್ಲ.

ನೀರು_ಲೆಕ್ಕ
ಮೀಟಿಂಗ್‌ಗೆ ಬರಿ ಮಾತು ಒಯ್ಯಬೇಡಿ, ಅಳತೆ ಒಯ್ಯಿರಿ. ಆಮ್ಲಜನಕ, ಅಮೋನಿಯ ಅಳೆಯುವ ಸಣ್ಣ ಕಿಟ್ ಸಿಗುತ್ತದೆ. ಬೆಳಗ್ಗೆ ಐದೂವರೆಗೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ನೋಡಿ. ಮಧ್ಯಾಹ್ನ ಮಾತ್ರ ನೋಡಿದರೆ ಆಮ್ಲಜನಕ ಭರ್ಜರಿಯಾಗಿ ಕಾಣುತ್ತದೆ, ಮೋಸ ಹೋಗುತ್ತೀರಿ. ಅಮೋನಿಯ ತಿರುಗುಮುರುಗು. ಪಾಚಿ ಜಾಸ್ತಿ ಇದ್ದರೆ ಮಧ್ಯಾಹ್ನ ನೀರಿನ ಕ್ಷಾರ ಏರಿ ಅಮೋನಿಯದ ವಿಷ ಹೆಚ್ಚಾಗುತ್ತದೆ. ಮೀನಿಗೆ ಬ್ರೆಡ್ಡು, ಅನ್ನ, ಮಂಡಕ್ಕಿ ಎಸೆಯುವ ಪುಣ್ಯವಂತರಿಗೂ ಸ್ವಲ್ಪ ಹೇಳಿ.

ಮಲ್ನಾಡ್ ಹುಡುಗಿ
ಮರಿಯ ವಿಷಯ. ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ನಮ್ಮ ಕಡೆಯ ಗೆಂಡೆ ಜಾತಿಗಳನ್ನು ಮರಿ ಮಾಡಿಸುವ ಕೆಲಸ ಅಲ್ಲಿ ನಡೆದಿದೆ. ಹುಲ್ಲು, ಜಲಸಸ್ಯ ತಿನ್ನುವ ಹರಗಿ ಮೀನು ಕೂಡ, ಅದು ಅಳಿವಿನ ಅಂಚಿನಲ್ಲಿರುವುದು. ನಿಮಗೆ ಹತ್ತಿರವೇ. ಹೋಗಿ ಕೇಳಿ. ಆದರೆ ಹರಗಿ ದೊಡ್ಡ ಹೊಳೆಯ ಮೀನು, ನಿಮ್ಮ ಕೆರೆಗೆ ಅಂತ ಆಸೆಪಡಬೇಡಿ. ನಿಮ್ಮ ಪಕ್ಕೆ ಜಗತ್ತಿನ ಪಟ್ಟಿಯಲ್ಲಿ ಅಪಾಯದಲ್ಲಿಲ್ಲ, ನಿಮ್ಮ ಕೆರೆಯಲ್ಲಿ ಇಲ್ಲ, ಅಷ್ಟೇ. ಬಾಳೆ ಮೀನು ಮಾತ್ರ ಎರಡೂ ಕಡೆ ಕಷ್ಟದಲ್ಲಿದೆ.

ಹಣ ಖರ್ಚು ಮಾಡುವ ಮೊದಲು ಮೇಲಿನ ಕಾಲುವೆಯ ಗುಂಡಿ, ಗೋಕಟ್ಟೆಗಳಲ್ಲಿ ಹುಡುಕಿ. ಕೆರೆ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಾಟಿ ಮೀನು ಉಳಿದಿರುತ್ತದೆ. ಅದೇ ನಿಮ್ಮ ಬೀಜ.

ಏರಿಮೇಲಿನವ
ಭಾನುವಾರದ ಸುದ್ದಿ. ಶುಕ್ರ, ಶನಿ ಎರಡೂ ದಿನ ಬೆಳಗ್ಗೆ ಆಮ್ಲಜನಕ 2ರ ಆಸುಪಾಸು. ಮಧ್ಯಾಹ್ನ 9 ದಾಟಿತ್ತು. ಇದನ್ನು ತೋರಿಸಿದ ಮೇಲೆ ರೋಹು ಮರಿಯ ಮಾತು ಸದ್ಯಕ್ಕೆ ನಿಂತಿದೆ. ದಾನಿಗೆ ಬೇಜಾರಾಗಿದೆ, ಅವರ ಹೆಸರಿನ ಬೋರ್ಡು ಆಗಲೇ ಬರೆಸಿದ್ದರಂತೆ. ಹಿಂಭಾಗದ ಕಲ್ಲನ್ನು ಇಪ್ಪತ್ತು ಮೀಟರ್ ತೆಗೆದು ಮಣ್ಣಿನ ಇಳಿಜಾರು ಮಾಡೋಣ ಎಂದೆ. ಏಳು ಜನ ಹೂಂ, ಏಳು ಜನ ಊಹೂಂ. ಮುಂದಿನ ತಿಂಗಳಿಗೆ ಹೋಯಿತು. ಕಾರಂಜಿ ಮಾತ್ರ ಇನ್ನು ಬೆಳಗಿನ ಜಾವ ಓಡುತ್ತದೆ. ನಮ್ಮಲ್ಲೂ ಒಬ್ಬರು ಅಂಕಲ್ ಲೈಟು ಬೇಕೇ ಬೇಕು ಎಂದರು, ಒಪ್ಪಿದೆವು.

ಸಂಜೆ ತಾತನ ಜೊತೆ ಮೇಲಿನ ಗೋಕಟ್ಟೆಗೆ ಹೋದೆ. ಹಳೆಯ ಸೊಳ್ಳೆಪರದೆಯಲ್ಲಿ ಗೋರಿದೆವು. ನಾಲ್ಕು ಗೊದಮೊಟ್ಟೆ, ತುಂಬ ಗ್ಯಾಂಬೂಸಿಯಾ, ಮತ್ತು ಬೆರಳುದ್ದದ ಮೂರು ಬೆಳ್ಳಿ ಮೀನು. ಬಾಲದ ಹತ್ತಿರ ಕಪ್ಪು ಚುಕ್ಕೆ. ತಾತ ಕನ್ನಡಕ ಏರಿಸಿ ನೋಡಿ "ಪಕ್ಕೆ ಕಣೋ" ಎಂದರು. ಬಕೆಟ್‌ನಲ್ಲಿಟ್ಟು ಫೋಟೋ ತೆಗೆದು ಅಲ್ಲೇ ವಾಪಸ್ ಬಿಟ್ಟೆವು. ಫೋಟೋ ಹಾಕಿದ್ದೇನೆ, ಮೇಲಿನಿಂದ ತೆಗೆದದ್ದು, ಸರಿಯಾಗಿ ಬಂದಿಲ್ಲ.

ಬೀಸುಬಲೆ
ಪಕ್ಕೆಯೇ ಇರಬೇಕು! ತಾತನಿಗೆ ನಮಸ್ಕಾರ ಹೇಳಿ. ಗೋಕಟ್ಟೆ ಇರುವ ಜಾಗ ಇಲ್ಲಿ ಬರೆಯಬೇಡಿ.

ಮಲ್ನಾಡ್ ಹುಡುಗಿ
ಬಾಲದ ಬುಡದಲ್ಲಿ ಒಂದೇ ಚುಕ್ಕೆಯಾ, ಕಿವಿರಿನ ಹಿಂದೆ ಇನ್ನೊಂದು ಸಣ್ಣದು ಇತ್ತಾ? ಬೆನ್ನಿನ ರೆಕ್ಕೆಯ ಬುಡದಲ್ಲಿ? ಮುಂದಿನ ಸಲ ಗಾಜಿನ ಲೋಟದಲ್ಲಿಟ್ಟು ಪಕ್ಕದಿಂದ ತೆಗೆಯಿರಿ.

ಏರಿಮೇಲಿನವ
ಲೋಟ ಹಿಡಿದು ನಾಳೆ ಬೆಳಗ್ಗೆಯೇ ಹೋಗುತ್ತೇನೆ. ತಾತ ಆಗಲೇ ಚಪ್ಪಲಿ ಬಾಗಿಲ ಹತ್ತಿರ ಇಟ್ಟುಕೊಂಡಿದ್ದಾರೆ.